ನಕ್ಷತ್ರ ಹುಟ್ಟುವುದನ್ನು ಕಂಡವರಾರು?

ಭದ್ರಾ ನದಿಯ ದಡದ ಮೇಲಿರುವ ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಮೈಸೂರು ಸಂಸ್ಥಾನದ ಸರ್ಕಾರವು 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯೊಂದನ್ನು ಕಟ್ಟಲು ತೊಡಗಿತು. ಆ ಯೋಜನೆಯ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರು ಬಂದಿತು. ಮಲೆನಾಡಿನ ಕಾಡುಗಳಿಂದ ಇದ್ದಿಲು ಬಂದಿತು. 1923ರಲ್ಲಿ ಕಾರ್ಖಾನೆ ಕಬ್ಬಿಣವನ್ನು ಕೊಡಲಾರಂಭಿಸಿತು. ಬೆಂಕಿಪುರವೆಂಬ ಹಳೆಯ ಹೆಸರು ಹೀಗೆ ಹೊಸ ರೀತಿಯಲ್ಲಿ ಅನ್ವರ್ಥವಾಯಿತು.

ನಾನು ಬೆಳೆದದ್ದು ಈ ಊರಿನಲ್ಲಿ. ನಮ್ಮ ತಂದೆಯವರು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಅವರು ರಾತ್ರಿಯ ಪಾಳಿಗೆ ಹೊರಟ ಮೇಲೆ ನಾವು ಮಕ್ಕಳು ಮನೆಯ ಜಗಲಿಯ ಮೇಲೆ ಕುಳಿತು ಆಕಾಶವನ್ನು ನೋಡುತ್ತಿದ್ದೆವು. ಒಂದು ದಿಕ್ಕಿನಲ್ಲಿ ನಕ್ಷತ್ರಗಳು ಮಿನುಗುತ್ತಿದ್ದವು. ಇನ್ನೊಂದು ದಿಕ್ಕಿನಲ್ಲಿ, ಕುಲುಮೆಯ ಕಿಟ್ಟವನ್ನು ಹೊರಗೆ ಸುರಿದಾಗ, ಬಾನಂಚು ಕೆಂಪೇರುತ್ತಿತ್ತು. ಬೆಳಗ್ಗೆ ಮನೆಗೆ ಬಂದ ತಂದೆಯವರು ಅದಿರು ಹೇಗೆ ಕರಗುತ್ತದೆ, ಕಬ್ಬಿಣ ಹೇಗೆ ಹರಿಯುತ್ತದೆ ಎಂಬುದನ್ನು ಬಣ್ಣಿಸುತ್ತಿದ್ದರು. ಕಬ್ಬಿಣ ಹುಟ್ಟುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ಅವರ ಮಾತಿನಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ.

ಮುಂದೆ ನಾನು ಶಿವಮೊಗ್ಗ ನಗರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾದೆ. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ನಕ್ಷತ್ರಗಳನ್ನು ವರ್ಣಿಸುವ ಪದ್ಯವೊಂದನ್ನು ಪಾಠ ಮಾಡುತ್ತಿದ್ದೆ. ಕವಿಯ ಕಲ್ಪನೆಯನ್ನು ವಿವರಿಸುತ್ತ, "ನಕ್ಷತ್ರಗಳೂ ನಮ್ಮ ಹಾಗೆ ಹುಟ್ಟುತ್ತವೆ, ಬೆಳೆಯುತ್ತವೆ, ಸಾಯುತ್ತವೆ ಎಂದು ವಿಜ್ಞಾನಿಗಳು ಹೇಳುತ್ತಾರೆ" ಎಂದೆ. ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳು ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದವಳು.

"ಸಾರ್, ಕಬ್ಬಿಣ ಆಗೋದನ್ನ ನಮ್ಮಜ್ಜ ಕಣ್ಣಾರೆ ನೋಡಿದಾರೆ. ನಕ್ಷತ್ರ ಹುಟ್ಟೋದನ್ನ ಯಾರು ನೋಡಿದಾರೆ?"

ತರಗತಿಯಲ್ಲಿ ನಗು ಎದ್ದಿತು. ನನಗೆ ನಗು ಬರಲಿಲ್ಲ; ಏಕೆಂದರೆ ನನ್ನ ಬಳಿ ಉತ್ತರವಿರಲಿಲ್ಲ. "ತಿಳಿದುಕೊಂಡು ಹೇಳ್ತೀನಿ, ಕೂತ್ಕೊಳ್ಳಮ್ಮ" ಎಂದೆ. ಆ ವರ್ಷ ಮುಗಿಯಿತು, ಅವಳು ಶಾಲೆಯನ್ನು ಬಿಟ್ಟು ಹೋದಳು; ಉತ್ತರ ಮಾತ್ರ ನನ್ನ ಮೇಲೆ ಸಾಲವಾಗಿಯೇ ಉಳಿಯಿತು. ನಿವೃತ್ತನಾದ ಮೇಲೆ ಬಿಡುವು ದೊರೆಯಿತು. ಓದಿದೆ, ತಿಳಿದವರನ್ನು ಕೇಳಿದೆ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಕ್ಷತ್ರ ಹುಟ್ಟುವುದನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಕಂಡಿಲ್ಲ, ಕಾಣುವುದು ಸಾಧ್ಯವೂ ಇಲ್ಲ. ನಮ್ಮ ಸೂರ್ಯನಂತಹ ನಕ್ಷತ್ರವೊಂದು ಅನಿಲದ ಮೋಡದಿಂದ ರೂಪುಗೊಂಡು ಸ್ಥಿರವಾಗಿ ಬೆಳಗುವ ಹಂತಕ್ಕೆ ಬರಲು ಕೋಟಿಗಟ್ಟಲೆ ವರ್ಷಗಳು ಬೇಕು. ನಕ್ಷತ್ರಗಳು, ಅನಿಲ, ಧೂಳು ಎಲ್ಲವೂ ಗುರುತ್ವಾಕರ್ಷಣೆಯಿಂದ ಒಂದುಗೂಡಿದ ಬೃಹತ್ ಸಮೂಹಕ್ಕೆ ಗ್ಯಾಲಕ್ಸಿ ಎಂದು ಹೆಸರು. ನಾವಿರುವ ಗ್ಯಾಲಕ್ಸಿ ಆಕಾಶಗಂಗೆ. ಇದರಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಸೂರ್ಯನು ಇದರ ಕೇಂದ್ರವನ್ನು ಒಂದು ಬಾರಿ ಸುತ್ತಿ ಬರಲು ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳು ಹಿಡಿಯುತ್ತವೆ. ಮನುಷ್ಯನ ನೂರು ವರ್ಷದ ಆಯುಸ್ಸು ಇದರ ಮುಂದೆ ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ. ದೂರದರ್ಶಕದಲ್ಲಿ ನಾವು ಕಾಣುವುದು ಓಡುವ ನಾಟಕವನ್ನಲ್ಲ, ಅದರ ಒಂದು ನಿಶ್ಚಲ ಚಿತ್ರವನ್ನು ಮಾತ್ರ.

ಹಾಗಾದರೆ ಖಗೋಳ ವಿಜ್ಞಾನಿಗಳು ನಕ್ಷತ್ರದ ಜೀವನಚರಿತ್ರೆಯನ್ನು ಹೇಗೆ ಬರೆದರು? ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಆಕಾಶವನ್ನು ಒಂದು ತೋಟಕ್ಕೆ ಹೋಲಿಸಿದನು. ಆ ಹೋಲಿಕೆಯನ್ನು ನಮ್ಮ ಸೀಮೆಯ ಅಡಿಕೆ ತೋಟಕ್ಕೆ ಅನ್ವಯಿಸಿ ನೋಡೋಣ. ಅಡಿಕೆಯನ್ನೇ ಕಾಣದ ಪರಸ್ಥಳದವನೊಬ್ಬ ತೋಟವನ್ನು ಅರ್ಧ ಗಂಟೆ ಸುತ್ತಿದನೆಂದು ಭಾವಿಸಿರಿ. ಒಂದು ಕಡೆ ಮಡಿಯಲ್ಲಿ ಮೊಳೆತ ಸಸಿಗಳು, ಇನ್ನೊಂದು ಕಡೆ ಎಳೆಯ ಗಿಡಗಳು, ಮತ್ತೊಂದು ಕಡೆ ಗೊನೆ ಹೊತ್ತ ಮರಗಳು, ಅಲ್ಲಲ್ಲಿ ಸುಳಿ ಒಣಗಿದ ಬೋಳು ಕಂಬಗಳು ಅವನಿಗೆ ಕಾಣುತ್ತವೆ. ಒಂದು ಮರ ಬೆಳೆಯುವುದನ್ನೂ ಅವನು ನೋಡಿಲ್ಲ. ಆದರೂ ಇವೆಲ್ಲ ಒಂದೇ ಬಾಳಿನ ಬೇರೆ ಬೇರೆ ಘಟ್ಟಗಳೆಂದು ಊಹಿಸಬಲ್ಲನು. ಆಕಾಶದಲ್ಲಿಯೂ ಹಾಗೆಯೇ. ಎಲ್ಲ ವಯಸ್ಸಿನ ನಕ್ಷತ್ರಗಳೂ ಏಕಕಾಲದಲ್ಲಿ ನಮ್ಮ ಕಣ್ಣ ಮುಂದಿವೆ.

ಆದರೆ ಊಹೆಯು ಊಹೆಯೇ. ಯಾವುದು ಮೊದಲು, ಯಾವುದು ಅನಂತರ, ಒಂದು ಘಟ್ಟದಿಂದ ಇನ್ನೊಂದು ಘಟ್ಟಕ್ಕೆ ಸಾಗಲು ಕಾರಣವೇನು ಎಂಬುದನ್ನು ಪರೀಕ್ಷಿಸುವುದು ಹೇಗೆ? ಬೇರೆ ವಿಜ್ಞಾನಗಳಲ್ಲಿ ಪ್ರಯೋಗಗಳನ್ನು ಮಾಡಬಹುದು. ಅಣೆಕಟ್ಟನ್ನು ಕಟ್ಟುವ ಮೊದಲು ಎಂಜಿನಿಯರುಗಳು ಅದರ ಪುಟ್ಟ ಮಾದರಿಯನ್ನು ಕಟ್ಟಿ, ನೀರು ಹರಿಸಿ, ಕೋಡಿಯ ಬಳಿ ನೆಲ ಕೊರೆಯುವುದೇ ಎಂದು ನೋಡುತ್ತಾರೆ. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಇಂತಹ ಮಾದರಿಗಳ ಪರೀಕ್ಷೆ ನಡೆದುಬಂದಿದೆ. ಆದರೆ ಗ್ಯಾಲಕ್ಸಿಯ ಮಾದರಿಯನ್ನು ಯಾವ ಅಂಗಳದಲ್ಲಿ ಕಟ್ಟಲಾದೀತು? ಅದನ್ನು ನಡೆಸುವುದು ಗುರುತ್ವಾಕರ್ಷಣೆ. ಮೇಜಿನ ಮೇಲಿಟ್ಟ ಎರಡು ಗುಂಡುಗಳ ನಡುವೆ ಆ ಸೆಳೆತವು ಇದ್ದೂ ಇಲ್ಲದಂತಿರುತ್ತದೆ.

ಮಣ್ಣಿನಲ್ಲಿ ಕಟ್ಟಲಾಗದ ಮಾದರಿಯನ್ನು ಅಂಕಿಗಳಲ್ಲಿ ಕಟ್ಟಬಹುದು. ಈ ಕೆಲಸಕ್ಕೆ ವಿಜ್ಞಾನಿಗಳು ಗಣಕಯಂತ್ರವನ್ನು, ಎಂದರೆ ಕಂಪ್ಯೂಟರನ್ನು ಬಳಸುತ್ತಾರೆ. ಇದಕ್ಕೆ ಸಿಮ್ಯುಲೇಷನ್ ಎಂಬ ಹೆಸರಿದೆ. ನಾವು ಇದನ್ನು ಗಣಕ ಅನುಕರಣ ಎಂದು ಕರೆಯೋಣ.

ಅನುಕರಣವು ನಡೆಯುವ ಬಗೆಯನ್ನು ಅರಿಯಲು ತುಂಗಾ ನದಿಯಲ್ಲಿ ತೇಲಿಬಿಟ್ಟ ಹರಿಗೋಲೊಂದನ್ನು ನೆನೆಯಿರಿ. ಈಗ ಅದು ಎಲ್ಲಿದೆ, ಯಾವ ಕಡೆಗೆ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದು ನಮಗೆ ಗೊತ್ತು. ಅಲ್ಲಿಯ ಸೆಳವು ಎಷ್ಟೆಂಬುದೂ ಗೊತ್ತು. ಇಷ್ಟರಿಂದ ಒಂದು ನಿಮಿಷದ ಮೇಲೆ ಅದು ಎಲ್ಲಿರುವುದೆಂದು ಲೆಕ್ಕ ಹಾಕಬಹುದು. ಆ ಹೊಸ ಜಾಗದಲ್ಲಿ ಸೆಳವು ಬೇರೆ. ಅದನ್ನು ಹಿಡಿದು ಮುಂದಿನ ನಿಮಿಷದ ಲೆಕ್ಕ ಮಾಡಬೇಕು. ಹೀಗೆ ಒಂದೊಂದೇ ಹೆಜ್ಜೆ ಇಡುತ್ತ ಹೋದರೆ ಹರಿಗೋಲಿನ ದಾರಿಯೆಲ್ಲ ಕಾಗದದ ಮೇಲೆ ಮೂಡುತ್ತದೆ. ಹೆಜ್ಜೆ ಚಿಕ್ಕದಾದಷ್ಟೂ ದಾರಿ ನಿಜಕ್ಕೆ ಹತ್ತಿರವಾಗುತ್ತದೆ. ಆದರೆ ಲೆಕ್ಕ ಹೆಚ್ಚುತ್ತದೆ.

ಗ್ಯಾಲಕ್ಸಿಯ ವಿಷಯದಲ್ಲಿ ಹರಿಗೋಲಿನ ಸ್ಥಾನದಲ್ಲಿ ನಕ್ಷತ್ರಗಳಿವೆ, ಸೆಳವಿನ ಸ್ಥಾನದಲ್ಲಿ ಗುರುತ್ವಾಕರ್ಷಣೆಯಿದೆ. ಅದರ ನಿಯಮವನ್ನು ಐಸಾಕ್ ನ್ಯೂಟನ್ 1687ರಲ್ಲಿಯೇ ಪ್ರಕಟಿಸಿದನು. ಎರಡು ಕಾಯಗಳು ಮಾತ್ರ ಇದ್ದಾಗ ಅವುಗಳ ದಾರಿಯನ್ನು ಸೂತ್ರದಿಂದಲೇ ಹೇಳಬಹುದು. ಮೂರನೆಯದು ಸೇರಿತೆಂದರೆ ಎಲ್ಲ ಸಂದರ್ಭಗಳಿಗೂ ಒಪ್ಪುವ ಅಂತಹ ಸರಳ ಸೂತ್ರವಿಲ್ಲ. ಹೆಜ್ಜೆ ಹೆಜ್ಜೆಯಾಗಿ ಎಣಿಸುವುದೊಂದೇ ದಾರಿ. ಪ್ರತಿಯೊಂದು ಕಾಯವೂ ಉಳಿದ ಪ್ರತಿಯೊಂದನ್ನು ಸೆಳೆಯುತ್ತದೆ. ನಿಮ್ಮ ತರಗತಿಯ ಐವತ್ತು ಮಂದಿಯೂ ಒಬ್ಬರಿಗೊಬ್ಬರು ಕೈ ಕುಲುಕಿದರೆ 1,225 ಕೈಕುಲುಕುಗಳಾಗುತ್ತವೆ. ಒಂದು ಲಕ್ಷ ಕಾಯಗಳಿದ್ದರೆ ಸುಮಾರು 500 ಕೋಟಿ ಜೋಡಿಗಳು. ಸೆಕೆಂಡಿಗೆ ಒಂದು ಜೋಡಿಯಂತೆ ಹಗಲಿರುಳು ಎಣಿಸಿದರೂ ಒಂದೇ ಒಂದು ಹೆಜ್ಜೆಯ ಲೆಕ್ಕಕ್ಕೆ 158 ವರ್ಷಗಳು ಬೇಕು!

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅನುಕರಣವು ಚಲನಚಿತ್ರದಂತಹ ಕಲ್ಪನೆಯ ಕೃತಿಯಲ್ಲ. ಚಿತ್ರಕಾರನು ತನಗೆ ಬೇಕಾದ ಅಂತ್ಯವನ್ನು ಬರೆಯಬಲ್ಲನು. ವಿಜ್ಞಾನಿಯು ಆರಂಭದ ಸ್ಥಿತಿಯನ್ನೂ ಪ್ರಕೃತಿಯ ನಿಯಮವನ್ನೂ ಯಂತ್ರಕ್ಕೆ ಕೊಡುತ್ತಾನೆ, ಅಷ್ಟೇ. ಕೊನೆಗೆ ಏನಾಗುವುದೆಂದು ಅವನಿಗೂ ತಿಳಿಯದು. ತಿಳಿದಿದ್ದರೆ ಅನುಕರಣ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ಇಂತಹ ಮೊದಲ ಪ್ರಯತ್ನವು ಗಣಕಯಂತ್ರಗಳು ಬಳಕೆಗೆ ಬರುವ ಮೊದಲೇ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. 1941ರಲ್ಲಿ ಸ್ವೀಡನ್ ದೇಶದ ಎರಿಕ್ ಹೋಮ್‌ಬರ್ಗ್ ಎಂಬ ಖಗೋಳಜ್ಞನು ಎರಡು ಗ್ಯಾಲಕ್ಸಿಗಳು ಪರಸ್ಪರ ಹತ್ತಿರ ಹಾದುಹೋದರೆ ಏನಾಗುವುದೆಂದು ತಿಳಿಯಬಯಸಿದನು. ದೀಪದಿಂದ ದೂರ ಸರಿದಂತೆಲ್ಲ ಬೆಳಕು ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ. ಗುರುತ್ವಾಕರ್ಷಣೆ ಕುಗ್ಗುವುದೂ ಇದೇ ಪ್ರಮಾಣದಲ್ಲಿ. ಆದ್ದರಿಂದ ಅವನು ಒಂದೊಂದು ಗ್ಯಾಲಕ್ಸಿಗೆ 37ರಂತೆ 74 ವಿದ್ಯುದ್ದೀಪಗಳನ್ನು ಜೋಡಿಸಿದನು. ಪ್ರತಿಯೊಂದು ದೀಪದ ಜಾಗಕ್ಕೂ ಎಲ್ಲ ಕಡೆಗಳಿಂದ ಎಷ್ಟು ಬೆಳಕು ಬೀಳುತ್ತದೆಂದು ಅಳೆದು, ಅದನ್ನೇ ಗುರುತ್ವದ ಅಳತೆಯೆಂದು ಹಿಡಿದು, ದೀಪಗಳನ್ನು ಕೈಯಿಂದ ತುಸು ತುಸು ಸರಿಸುತ್ತ ಹೋದನು. ಹಾದುಹೋಗುವ ಗ್ಯಾಲಕ್ಸಿಗಳು ಒಂದನ್ನೊಂದು ಎಳೆದು ಆಕಾರಗೆಡಿಸುತ್ತವೆ ಎಂಬುದು ಅವನ ದೀಪಗಳಿಂದಲೇ ತಿಳಿಯಿತು. ಎಂತಹ ಸರಳ ಉಪಾಯ, ಎಷ್ಟು ತಾಳ್ಮೆಯ ಕೆಲಸ!

ಮುಂದೆ ಗಣಕಯಂತ್ರಗಳು ಬಂದವು. 1972ರಲ್ಲಿ ಅಲಾರ್ ಟೂಮ್ರೆ ಮತ್ತು ಜೂರಿ ಟೂಮ್ರೆ ಎಂಬ ಸಹೋದರರು ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಆಕಾಶದಲ್ಲಿ ಕೆಲವು ಗ್ಯಾಲಕ್ಸಿಗಳಿಗೆ ಉದ್ದನೆಯ ಬಾಲಗಳಿರುವುದನ್ನು ಖಗೋಳಜ್ಞರು ಕಂಡಿದ್ದರು. ಬಾಲವೇಕೆ ಎಂಬುದು ವಿವಾದದ ವಿಷಯವಾಗಿತ್ತು. ಸಹೋದರರು ಗ್ಯಾಲಕ್ಸಿಯ ಕೇಂದ್ರವನ್ನು ಸುತ್ತುವ ಚುಕ್ಕೆಗಳ ಉಂಗುರಗಳನ್ನು ಯಂತ್ರದಲ್ಲಿ ರಚಿಸಿ, ಇನ್ನೊಂದು ಗ್ಯಾಲಕ್ಸಿಯನ್ನು ಹತ್ತಿರದಿಂದ ಸಾಗಿಸಿದರು. ಚುಕ್ಕೆಗಳು ಚದುರಿ ಬಾಲಗಳಾಗಿ ಹರಡಿದವು. ಆ ಆಕಾರಗಳು ಆಕಾಶದ ಛಾಯಾಚಿತ್ರಗಳನ್ನು ಬಹುಮಟ್ಟಿಗೆ ಹೋಲುತ್ತಿದ್ದವು. ಚಂದ್ರನ ಸೆಳೆತದಿಂದ ಸಮುದ್ರ ಉಬ್ಬುವಂತೆ ಗ್ಯಾಲಕ್ಸಿಗಳ ಪರಸ್ಪರ ಸೆಳೆತದಿಂದ ಈ ಬಾಲಗಳು ಹುಟ್ಟುತ್ತವೆ ಎಂಬುದು ಮನದಟ್ಟಾಯಿತು.

ಶಿವಮೊಗ್ಗೆಯ ಮಗ್ಗುಲಲ್ಲಿ ಹರಿಯುವ ತುಂಗೆಯೂ ಭದ್ರಾವತಿಯ ನಡುವೆ ಹರಿಯುವ ಭದ್ರೆಯೂ ಕೂಡಲಿಯಲ್ಲಿ ಕೂಡಿ ತುಂಗಭದ್ರೆಯಾಗುವುದನ್ನು ನೀವು ಬಲ್ಲಿರಿ. ಗ್ಯಾಲಕ್ಸಿಗಳಿಗೂ ಇಂತಹ ಕೂಡಲಿಗಳುಂಟು. ಎರಡು ಗ್ಯಾಲಕ್ಸಿಗಳು ಕೂಡಿದಾಗ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ತೀರ ಅಪರೂಪ. ಅವುಗಳ ನಡುವಿನ ಅಂತರ ಅಷ್ಟು ದೊಡ್ಡದು. ಆದರೆ ಅನಿಲದ ಮೋಡಗಳು ಒಂದಕ್ಕೊಂದು ಅಪ್ಪಳಿಸಿ ಒತ್ತಿಕೊಳ್ಳುತ್ತವೆ, ಹೊಸ ನಕ್ಷತ್ರಗಳು ಗುಂಪು ಗುಂಪಾಗಿ ಹುಟ್ಟುತ್ತವೆ. ಇಂದಿನ ದೊಡ್ಡ ಗ್ಯಾಲಕ್ಸಿಗಳು ಚಿಕ್ಕವುಗಳ ಕೂಡುವಿಕೆಯಿಂದಲೂ ಬೆಳೆದಿವೆ ಎಂಬುದು ಈಗಿನ ತಿಳಿವಳಿಕೆ.

ಚುಕ್ಕೆಗಳ ಸಂಖ್ಯೆ ಹೆಚ್ಚಿದಂತೆ ಲೆಕ್ಕದ ಹೊರೆಯೂ ಬೆಳೆಯಿತು. ಅದನ್ನು ಇಳಿಸಲು 1986ರಲ್ಲಿ ಜೋಶುವಾ ಬಾರ್ನ್ಸ್ ಮತ್ತು ಪೀಟ್ ಹಟ್ ಎಂಬ ವಿಜ್ಞಾನಿಗಳು ಒಂದು ಜಾಣತನದ ಕ್ರಮವನ್ನು ಪ್ರಕಟಿಸಿದರು. ಆಗುಂಬೆಯ ಘಾಟಿಯಲ್ಲಿ ನಿಂತವನಿಗೆ ಹತ್ತಿರದ ಮರಗಳು ಒಂದೊಂದಾಗಿ ಕಾಣುತ್ತವೆ. ದೂರದ ಬೆಟ್ಟದ ಮರಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಇಡೀ ಬೆಟ್ಟವೇ ಒಂದು ಹಸಿರು ರಾಶಿಯಾಗಿ ಕಾಣುತ್ತದೆ. ಈ ಕ್ರಮದಲ್ಲಿಯೂ ಹತ್ತಿರದ ಕಣಗಳ ಸೆಳೆತವನ್ನು ಒಂದೊಂದಾಗಿ ಎಣಿಸುತ್ತಾರೆ; ದೂರದ ಕಣಗಳನ್ನು ಗುಂಪಾಗಿ ಸೇರಿಸಿ ಒಂದೇ ಕಾಯವೆಂದು ಎಣಿಸುತ್ತಾರೆ. ಅಲ್ಪ ತಪ್ಪನ್ನು ಒಪ್ಪಿಕೊಂಡರೆ ಅಪಾರ ಕಾಲ ಉಳಿಯುತ್ತದೆ.

ಇಂತಹ ಉಪಾಯಗಳ ಫಲವಾಗಿ 2005ರಲ್ಲಿ ಜರ್ಮನಿಯಲ್ಲಿ ನಡೆದ ಮಿಲೆನಿಯಂ ಅನುಕರಣದಲ್ಲಿ ಸಾವಿರ ಕೋಟಿಗೂ ಹೆಚ್ಚು ಕಣಗಳನ್ನು ಬಳಸಲು ಸಾಧ್ಯವಾಯಿತು. ಒಂದೊಂದು ಬದಿಯೂ 200 ಕೋಟಿ ಜ್ಯೋತಿರ್ವರ್ಷಗಳಿಗೆ ಮಿಗಿಲಾದ ಘನಾಕೃತಿಯೊಳಗೆ, ವಿಶ್ವವು ಎಳೆಯದಾಗಿದ್ದಾಗಿನಿಂದ ಇಂದಿನವರೆಗೆ ದ್ರವ್ಯವು ಗಂಟು ಕಟ್ಟಿ ಬಲೆಯಂತೆ ಹರಡಿದ ಬಗೆಯನ್ನು ಆ ಲೆಕ್ಕವು ತೋರಿಸಿತು. ಒಂದು ಕಣವೆಂದರೆ ಒಂದು ನಕ್ಷತ್ರವಲ್ಲ. ಸುಮಾರು ನೂರು ಕೋಟಿ ಸೂರ್ಯರಷ್ಟು ದ್ರವ್ಯರಾಶಿ! ನಮ್ಮ ನಾಡಿನಲ್ಲಿಯೂ ಇಂತಹ ಬೃಹತ್ ಗಣಕಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಂ ಪ್ರವೇಗವು ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕಗಳನ್ನು ಮಾಡುವ ಸಾಮರ್ಥ್ಯವುಳ್ಳದ್ದು. ಅದೇ ಸಂಸ್ಥೆಯ ಪ್ರಾಧ್ಯಾಪಕಿ ಚಂದಾ ಜೋಗ್ ಅವರು ಗ್ಯಾಲಕ್ಸಿಗಳ ಚಲನೆಯನ್ನು ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದವರು. ಗ್ಯಾಲಕ್ಸಿಯ ತಟ್ಟೆ ಸ್ಥಿರವಾಗಿ ಉಳಿಯುವುದೋ ಒಡೆಯುವುದೋ ಎಂಬುದನ್ನು ತಿಳಿಯಲು ನಕ್ಷತ್ರಗಳನ್ನೂ ಅನಿಲವನ್ನೂ ಒಟ್ಟಿಗೆ ಪರಿಗಣಿಸಬೇಕೆಂದು 1984ರಲ್ಲಿಯೇ ಅವರು ಸಹೋದ್ಯೋಗಿಯೊಡನೆ ಗಣಿತದಿಂದ ತೋರಿಸಿದರು.

ಇನ್ನು ನಕ್ಷತ್ರದ ಹುಟ್ಟಿಗೆ ಬರೋಣ. ಗ್ಯಾಲಕ್ಸಿಯಲ್ಲಿ ಅಲ್ಲಲ್ಲಿ ಜಲಜನಕದ ದೊಡ್ಡ ಮೋಡಗಳಿವೆ. ಅವುಗಳ ಒಳಭಾಗ ಸೊನ್ನೆಗಿಂತ ಸುಮಾರು 260 ಡಿಗ್ರಿಗಳಷ್ಟು ಕೆಳಗಿನ ಕಡುಶೀತದಲ್ಲಿರುತ್ತದೆ. ಮೋಡದ ಗುರುತ್ವವು ಅದನ್ನು ಒಳಕ್ಕೆ ಎಳೆಯುತ್ತದೆ. ಅದರ ಶಾಖವು ಹೊರಕ್ಕೆ ಒತ್ತುತ್ತದೆ. ಎಳೆತವು ಗೆದ್ದ ಕಡೆ ಮೋಡ ಕುಸಿಯುತ್ತದೆ, ದಟ್ಟವಾಗುತ್ತದೆ, ಬಿಸಿಯಾಗುತ್ತದೆ. ನಡುವಿನ ಶಾಖವು ಸುಮಾರು ಒಂದು ಕೋಟಿ ಡಿಗ್ರಿಯನ್ನು ಮುಟ್ಟಿದಾಗ ಜಲಜನಕದ ಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಆಗ ನಕ್ಷತ್ರದ ಒಲೆ ಹೊತ್ತಿಕೊಂಡಿತೆಂದು ಅರ್ಥ. ಕಬ್ಬಿಣದ ಊದುಕುಲುಮೆಯ ಅತ್ಯಂತ ಬಿಸಿಯಾದ ಭಾಗವೂ ಎರಡು ಸಾವಿರ ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ನೆನೆದರೆ ಈ ಕುಲುಮೆಯ ಕಾವನ್ನು ಊಹಿಸಬಹುದು.

ಹೇಳುವುದಕ್ಕೆ ಇದು ಸರಳ. ಆದರೆ ಮೋಡದೊಳಗೆ ಅನಿಲವು ಸೇತುವೆಯ ಕಂಬಗಳ ಹಿಂದೆ ತಿರುಗುವ ಹೊಳೆಯ ನೀರಿನಂತೆ ಸುಳಿಸುಳಿಯಾಗಿ ಅಲೆಯುತ್ತಿರುತ್ತದೆ. ಎಲ್ಲಿ ಎಷ್ಟು ನಕ್ಷತ್ರಗಳು ಹುಟ್ಟುತ್ತವೆ ಎಂಬುದನ್ನು ಲೇಖನಿ ಹಿಡಿದು ಹೇಳಲಾಗದು. ಬ್ರಿಟನ್ನಿನ ಮ್ಯಾಥ್ಯೂ ಬೇಟ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ಐವತ್ತು ಸೂರ್ಯರಷ್ಟು ದ್ರವ್ಯವುಳ್ಳ ಮೋಡವೊಂದನ್ನು ಗಣಕದಲ್ಲಿ ರಚಿಸಿ ಕುಸಿಯಲು ಬಿಟ್ಟರು. ಮೋಡವು ಒಂದೇ ಗುಂಡಾಗಲಿಲ್ಲ. ಎಳೆಎಳೆಯಾಗಿ ಸೀಳಿ, ಹಲವು ಪುಟ್ಟ ನಕ್ಷತ್ರಗಳಾಗಿ ಒಡೆಯಿತು. ಅವು ಒಂದನ್ನೊಂದು ಸುತ್ತಿದವು. ಅನಿಲಕ್ಕಾಗಿ ಪೈಪೋಟಿ ನಡೆಸಿದವು. ಕೆಲವು ಸೋತು ಗುಂಪಿನಿಂದ ಹೊರಗೆ ಎಸೆಯಲ್ಪಟ್ಟವು. ನಕ್ಷತ್ರಗಳು ಸಾಮಾನ್ಯವಾಗಿ ಒಂಟಿಯಾಗಿ ಹುಟ್ಟುವುದಿಲ್ಲ, ಒಡಹುಟ್ಟಿದವರೊಡನೆ ಹುಟ್ಟುತ್ತವೆ ಎಂದು ದೂರದರ್ಶಕವು ಹೇಳಿದ್ದ ಮಾತಿಗೆ ಈ ಲೆಕ್ಕವು ಇಂಬು ಕೊಟ್ಟಿತು.

ಹಾಗಾದರೆ ಯಂತ್ರವು ತೋರಿಸಿದ್ದೆಲ್ಲ ಸತ್ಯವೇ? ಇಲ್ಲ. ಈ ಪಾಠದಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದ ಅಂಶ ಇದೇ. "ನೀನು ಹೇಳಿದ ಆರಂಭ ನಿಜವಾದರೆ, ನೀನು ಕೊಟ್ಟ ನಿಯಮ ಪೂರ್ಣವಾದರೆ, ಹೀಗಾಗುತ್ತದೆ" ಎಂದಷ್ಟೇ ಯಂತ್ರ ಹೇಳುತ್ತದೆ. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಆಕಾಶ. ಅನುಕರಣವು ಆಕಾಶಕ್ಕೆ ಹೊಂದದೆ ಹೋದಾಗ ವಿಜ್ಞಾನಿಗಳು ಅದನ್ನು ಮುಚ್ಚಿಡಲಿಲ್ಲ. ಹೊಂದದಿರುವುದಕ್ಕೆ ಕಾರಣವನ್ನು ಹುಡುಕಿದರು. ದೊಡ್ಡ ಶೋಧಗಳು ಅಲ್ಲಿಯೇ ದೊರೆತವು.

1973ರಲ್ಲಿ ಅಮೆರಿಕದ ಜೆರೆಮಿಯ ಆಸ್ಟ್ರೈಕರ್ ಮತ್ತು ಜೇಮ್ಸ್ ಪೀಬಲ್ಸ್ ಅವರು ಕೆಲವು ನೂರು ಕಣಗಳಿಂದ ತಿರುಗುವ ತಟ್ಟೆಯಾಕಾರದ ಗ್ಯಾಲಕ್ಸಿಯೊಂದನ್ನು ರಚಿಸಿದರು. ಕೆಲವೇ ಸುತ್ತುಗಳಲ್ಲಿ ತಟ್ಟೆಯು ಆಕಾರ ಕಳೆದುಕೊಂಡು ಅಡ್ಡಪಟ್ಟಿಯಂತಾಯಿತು. ಆದರೆ ಆಕಾಶದಲ್ಲಿ ತಟ್ಟೆಯ ಗ್ಯಾಲಕ್ಸಿಗಳು ಕೋಟ್ಯಂತರ ವರ್ಷಗಳಿಂದ ಬಾಳಿವೆ. ಲೆಕ್ಕ ತಪ್ಪಿರಲಿಲ್ಲ, ಹಾಗಾದರೆ ಲೆಕ್ಕಕ್ಕೆ ಸೇರದ ಏನೋ ಇರಬೇಕು. ತಟ್ಟೆಯ ಸುತ್ತ ಕಣ್ಣಿಗೆ ಕಾಣದ ದ್ರವ್ಯದ ದೊಡ್ಡ ಗೋಳವಿದ್ದರೆ ತಟ್ಟೆ ಉಳಿಯುತ್ತದೆಂದು ಅವರು ಸೂಚಿಸಿದರು. ಅದೇ ದಶಕದಲ್ಲಿ ವೀರಾ ರೂಬಿನ್ ಮೊದಲಾದವರು ಗ್ಯಾಲಕ್ಸಿಗಳ ಹೊರಭಾಗದ ವೇಗಗಳನ್ನು ಅಳೆದಾಗ, ಅಲ್ಲಿ ಕಾಣುವುದಕ್ಕಿಂತ ಹೆಚ್ಚು ದ್ರವ್ಯವಿರಬೇಕೆಂಬುದಕ್ಕೆ ಬಲವಾದ ಆಧಾರ ದೊರೆಯಿತು. ಇದನ್ನೇ ಈಗ ಅದೃಶ್ಯ ದ್ರವ್ಯ ಎನ್ನುತ್ತಾರೆ. ಅದು ಏನೆಂಬುದು ಇಂದಿಗೂ ಬಿಡಿಸಲಾಗದ ಒಗಟು.

ಇನ್ನೊಂದು ಸೋಲು 1990ರ ದಶಕದ್ದು. ಅನಿಲವನ್ನೂ ಸೇರಿಸಿ ಮಾಡಿದ ಅನುಕರಣಗಳಲ್ಲಿ ಗ್ಯಾಲಕ್ಸಿಗಳು ಅತಿಯಾಗಿ ನಕ್ಷತ್ರಗಳನ್ನು ಹೆತ್ತವು. ನಿಜವಾದ ಗ್ಯಾಲಕ್ಸಿಗಳು ಇಷ್ಟು ಧಾರಾಳಿಗಳಲ್ಲ. ಬಿಟ್ಟುಹೋದದ್ದು ಯಾವುದು? ಹುಟ್ಟಿದ ನಕ್ಷತ್ರಗಳ ಉರಿಯೇ! ದೊಡ್ಡ ನಕ್ಷತ್ರಗಳು ತಮ್ಮ ಬೆಳಕಿನಿಂದಲೂ ಸ್ಫೋಟದಿಂದಲೂ ಸುತ್ತಲಿನ ಅನಿಲವನ್ನು ಕಾಯಿಸಿ ಚದುರಿಸುತ್ತವೆ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಇದು ಹೊಸ ಹುಟ್ಟನ್ನು ತಡೆಯುತ್ತದೆ. ಗ್ಯಾಲಕ್ಸಿಯ ಕೇಂದ್ರದಲ್ಲಿರುವ ದೈತ್ಯ ಕಪ್ಪುಕುಳಿಯ ಸುತ್ತಲಿನ ಶಾಖವೂ ಇದರೊಡನೆ ಸೇರುತ್ತದೆ. 2014ರಲ್ಲಿ ಪ್ರಕಟವಾದ ಇಲಸ್ಟ್ರಿಸ್ ಎಂಬ ಅನುಕರಣದಲ್ಲಿ ಇವನ್ನೆಲ್ಲ ಸೇರಿಸಿದಾಗ, ಆಕಾಶದಲ್ಲಿ ಕಾಣುವಂತಹ ಸುರುಳಿ ಗ್ಯಾಲಕ್ಸಿಗಳೂ ಉರುಟು ಗ್ಯಾಲಕ್ಸಿಗಳೂ ಮೂಡಿದವು. ಅಲ್ಲಿಯೂ ಒಂದೊಂದು ಸ್ಫೋಟವನ್ನು ಬಿಡಿಬಿಡಿಯಾಗಿ ಎಣಿಸಲು ಯಂತ್ರಕ್ಕೆ ಶಕ್ತಿ ಸಾಲದೆ ಅಂದಾಜಿನ ನಿಯಮಗಳನ್ನು ಬಳಸಬೇಕಾಯಿತು. ಅದನ್ನು ವಿಜ್ಞಾನಿಗಳು ಒಪ್ಪಿ ಹೇಳಿದ್ದಾರೆ.

ನಮ್ಮ ಗ್ಯಾಲಕ್ಸಿಯ ಭವಿಷ್ಯದ ವಿಷಯದಲ್ಲಿಯೂ ಇಂತಹ ತಿದ್ದುಪಡಿ ನಡೆದಿದೆ. ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದ್ದು ನಮ್ಮ ಕಡೆಗೆ ಬರುತ್ತಿದೆ. ಇನ್ನು 400 ಕೋಟಿ ವರ್ಷಗಳ ಮೇಲೆ ಎರಡೂ ಡಿಕ್ಕಿ ಹೊಡೆಯುವುದು ಖಚಿತವೆಂದು 2012ರಲ್ಲಿ ಸಾರಲಾಯಿತು. 2025ರಲ್ಲಿ ಬೇರೊಂದು ತಂಡವು ಹೊಸ ಅಳತೆಗಳನ್ನು ತೆಗೆದುಕೊಂಡು, ನೆರೆಯ ಇತರ ಗ್ಯಾಲಕ್ಸಿಗಳ ಸೆಳೆತವನ್ನೂ ಸೇರಿಸಿ, ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಸಾವಿರಾರು ಬಾರಿ ಲೆಕ್ಕ ಮಾಡಿತು. ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಎರಡೂ ಒಂದಾಗುವ ಸಂಭವ ಅರ್ಧಕ್ಕರ್ಧ ಮಾತ್ರ ಎಂದು ಕಂಡುಬಂತು. ಖಚಿತವೆಂದಿದ್ದ ಮಾತನ್ನು ಸಾಕ್ಷ್ಯದ ಮುಂದೆ ಹಿಂದಕ್ಕೆ ತೆಗೆದುಕೊಳ್ಳುವುದು ವಿಜ್ಞಾನಕ್ಕೆ ಅವಮಾನವಲ್ಲ.

ಲೆಕ್ಕವು ಮುಂದೆ ನಡೆದು, ಆಕಾಶವು ಬಹುಕಾಲದ ಮೇಲೆ ಅದಕ್ಕೆ ಸಾಕ್ಷಿ ನುಡಿದ ಪ್ರಸಂಗವೂ ಉಂಟು. ಅದರ ನಾಯಕರು ಕನ್ನಡಿಗರು. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು ಅಮೆರಿಕದಲ್ಲಿ ಕಪ್ಪುಕುಳಿಗಳನ್ನು ಕುರಿತು ಸಂಶೋಧನೆ ನಡೆಸಿದರು. ದೊಡ್ಡ ನಕ್ಷತ್ರವೊಂದು ಸತ್ತು ಕುಸಿದಾಗ ಉಳಿಯಬಹುದಾದ, ಬೆಳಕನ್ನೂ ಹೊರಗೆ ಬಿಡದ ಕಾಯವೇ ಕಪ್ಪುಕುಳಿ. ಅಂತಹ ಕುಳಿಯ ಮೇಲೆ ಗುರುತ್ವದ ಅಲೆಯೊಂದು ಬಂದು ಬಡಿದರೆ ಏನಾಗುತ್ತದೆ ಎಂಬುದನ್ನು ಅವರು ಗಣಕದ ನೆರವಿನಿಂದ ಲೆಕ್ಕ ಹಾಕಿ 1970ರಲ್ಲಿ ಪ್ರಕಟಿಸಿದರು. ಬಡಿದ ದೇವಾಲಯದ ಗಂಟೆಯ ನಾದವು ಮೆಲ್ಲಮೆಲ್ಲನೆ ಅಡಗುವಂತೆ, ಕಪ್ಪುಕುಳಿಯೂ ತನ್ನದೇ ಆದ ಸ್ವರದಲ್ಲಿ ಮಿಡಿದು ಶಾಂತವಾಗುತ್ತದೆ ಎಂಬುದು ಅವರ ಫಲಿತಾಂಶ. ಆಗ ಕಪ್ಪುಕುಳಿಗಳು ಇವೆಯೇ ಎಂಬುದರಲ್ಲಿಯೇ ಹಲವರಿಗೆ ಸಂದೇಹವಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದ ಅಲೆಯನ್ನು ಮೊದಲ ಬಾರಿಗೆ ಹಿಡಿದವು. ಆ ಅಲೆಯ ಕೊನೆಯ ಭಾಗವು ಅಡಗುವ ಮಿಡಿತದ ಆ ಲೆಕ್ಕಕ್ಕೆ ಹೊಂದಿಕೊಂಡಿತು. ನಲವತ್ತೈದು ವರ್ಷ ಕಾದಿದ್ದ ಉತ್ತರವನ್ನು ಕಂಡು ವಿಶ್ವೇಶ್ವರ ಅವರು 2017ರಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ.

ಈಗ ಭದ್ರಾವತಿಯ ಕಬ್ಬಿಣಕ್ಕೆ ಮರಳೋಣ. ನಕ್ಷತ್ರದೊಳಗೆ ಜಲಜನಕದಿಂದ ಹೀಲಿಯಂ, ಅದರಿಂದ ಇಂಗಾಲ, ಆಮ್ಲಜನಕ, ಹೀಗೆ ಭಾರವಾದ ಧಾತುಗಳು ಹುಟ್ಟುತ್ತವೆ. ಒಂದೊಂದು ಬೆಸುಗೆಯೂ ಶಕ್ತಿಯನ್ನು ಕೊಡುತ್ತದೆ. ಕಬ್ಬಿಣದ ಹಂತಕ್ಕೆ ಬಂದೊಡನೆ ಆ ವರಮಾನ ನಿಲ್ಲುತ್ತದೆ. ಸೂರ್ಯನ ಸುಮಾರು ಎಂಟು ಪಟ್ಟಿಗೂ ಮಿಗಿಲಾದ ದ್ರವ್ಯವುಳ್ಳ ನಕ್ಷತ್ರದ ಒಡಲು ಹೀಗೆ ಕಬ್ಬಿಣವಾದಾಗ, ಅದು ತನ್ನ ಭಾರವನ್ನು ತಾನೇ ಹೊರಲಾರದೆ ಕುಸಿಯುತ್ತದೆ. ಹೊರಭಾಗ ಸಿಡಿದು ಚೆಲ್ಲಾಪಿಲ್ಲಿಯಾಗುತ್ತದೆ. ಶ್ವೇತಕುಬ್ಜಗಳೆಂಬ ಬೇರೊಂದು ಬಗೆಯ ನಕ್ಷತ್ರಗಳ ಸ್ಫೋಟವೂ ಹೇರಳವಾಗಿ ಕಬ್ಬಿಣವನ್ನು ಎರಚುತ್ತದೆ. ಆ ಧೂಳು ಬೆರೆತ ಮೋಡದಿಂದ ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯನೂ ಭೂಮಿಯೂ ಹುಟ್ಟಿದವು. ಕೆಮ್ಮಣ್ಣುಗುಂಡಿಯ ಅದಿರು ಆ ಧೂಳೇ. ನಮ್ಮ ನೆತ್ತರನ್ನು ಕೆಂಪಾಗಿಸುವ, ಒಬ್ಬೊಬ್ಬರ ಮೈಯಲ್ಲಿಯೂ ಮೂರು ನಾಲ್ಕು ಗ್ರಾಮಿನಷ್ಟಿರುವ ಕಬ್ಬಿಣವೂ ಆ ಧೂಳೇ. ನಮ್ಮ ತಂದೆಯವರು ಕಂಡದ್ದು ಕಬ್ಬಿಣದ ಹುಟ್ಟನ್ನಲ್ಲ, ಅದು ಕಲ್ಲಿನಿಂದ ಬಿಡುಗಡೆಯಾಗುವುದನ್ನು. ಕಬ್ಬಿಣ ಹುಟ್ಟಿದ ಕುಲುಮೆ ಅವರು ಹುಟ್ಟುವ ಎಷ್ಟೋ ಮೊದಲೇ ಆರಿಹೋಗಿತ್ತು.

ಆ ಹುಡುಗಿ ಈಗ ಎಲ್ಲಿರುವಳೋ ತಿಳಿಯದು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮಗೆ ಕೊಡುತ್ತಿದ್ದೇನೆ. ನಕ್ಷತ್ರ ಹುಟ್ಟುವುದನ್ನು ಯಾರೂ ಪೂರ್ತಿಯಾಗಿ ಕಣ್ಣಾರೆ ಕಂಡಿಲ್ಲಮ್ಮ. ಒಬ್ಬರು ಅದರ ಒಂದು ಘಟ್ಟವನ್ನು ದೂರದರ್ಶಕದಲ್ಲಿ ಕಂಡರು, ಇನ್ನೊಬ್ಬರು ನಡುವಿನ ದಾರಿಯನ್ನು ಲೆಕ್ಕದಲ್ಲಿ ಕಂಡರು, ಮತ್ತೊಬ್ಬರು ಆ ಲೆಕ್ಕದ ತಪ್ಪನ್ನು ಕಂಡರು. ಹೀಗೆ ಕಂಡದ್ದನ್ನು ಕೂಡಿಸಿ, ತಪ್ಪಿದ್ದನ್ನು ಕಳೆದು, ನಾವು ಇಷ್ಟನ್ನು ತಿಳಿದಿದ್ದೇವೆ. ತಿಳಿಯಬೇಕಾದದ್ದು ಇನ್ನೂ ಬಹಳವಿದೆ.

ಪುಷ್ಯ ಮಾಸದ ಒಂದು ನಿರ್ಮಲ ರಾತ್ರಿ, ಊರ ದೀಪಗಳಿಂದ ದೂರವಾಗಿ, ಕೂಡಲಿಯ ಹೊಳೆಯ ದಂಡೆಯಂತಹ ಕಡೆ ಹಿರಿಯರೊಡನೆ ನಿಂತು ಮೇಲೆ ನೋಡಿರಿ. ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರಗಳು ವ್ಯಾಧನ ನಡುಕಟ್ಟು. ಅದರ ಹತ್ತಿರ ಅವನ ಖಡ್ಗ ತೂಗುತ್ತದೆ. ಖಡ್ಗದ ನಡುವೆ ಮಸುಕಾದ ಮಂಜಿನಂತಹ ಒಂದು ಚುಕ್ಕೆ ಬರಿಗಣ್ಣಿಗೇ ಕಾಣುತ್ತದೆ. ಅದು ಸುಮಾರು 1,300 ಜ್ಯೋತಿರ್ವರ್ಷಗಳ ದೂರದ ನೀಹಾರಿಕೆ. ಅದರೊಳಗೆ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ.